ಹೆಜ್ಜೆ ಕೂತ ಮೇಲೆ ಮಾತು: ಪಾರಿಜಾತದ ಆಟ, ಮೆದುಳು ಮತ್ತು ಸೃಜನಶೀಲತೆ ಕುರಿತ ಒಂದು ಸಂಶೋಧನಾ ಟಿಪ್ಪಣಿ

ಗಮನವಿಟ್ಟು ಮೈ ಆಡಿಸಿದರೆ ತಲೆ ಚುರುಕಾಗುತ್ತದೆ, ಹೊಸ ವಿಚಾರ ಹೊಳೆಯುತ್ತದೆ ಎಂಬ ಮಾತು ಈಗ ಯೋಗ ಶಿಬಿರಗಳಲ್ಲಿ, ಶಾಲೆಯ ವೇದಿಕೆಗಳಲ್ಲಿ, ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಧಾರಾಳವಾಗಿ ಕೇಳಿಬರುತ್ತಿದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದರೊಳಗೆ ಮೂರು ಹೇಳಿಕೆಗಳು ಒಂದಕ್ಕೊಂದು ಅಂಟಿಕೊಂಡಿವೆ: ಚಲನೆ ಮೆದುಳನ್ನು ಬದಲಿಸುತ್ತದೆ ಎನ್ನುವುದು ಒಂದು, ಚಲನೆಯಿಂದ ಹೊಸ ಆಲೋಚನೆ ಹೆಚ್ಚುತ್ತದೆ ಎನ್ನುವುದು ಇನ್ನೊಂದು, ಇವೆರಡಕ್ಕೂ ಕಾರಣ ಮೈಮೇಲಿಟ್ಟ ಗಮನ ಎನ್ನುವುದು ಮೂರನೆಯದು. ಮೊದಲನೆಯದಕ್ಕೆ ಆಧಾರ ಸಾಕಷ್ಟಿದೆ, ಎರಡನೆಯದಕ್ಕೆ ಒಂದಿಷ್ಟಿದೆ. ಮೂರನೆಯದನ್ನು ಬಿಡಿಸಿ ನೋಡಲೇಬೇಕು. ಅದಕ್ಕಾಗಿ ಈ ಟಿಪ್ಪಣಿ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಂದು ಆಟವನ್ನು ಎದುರಿಗಿಟ್ಟುಕೊಳ್ಳುತ್ತದೆ.

ಆ ಆಟ ಶ್ರೀಕೃಷ್ಣ ಪಾರಿಜಾತ. ನಾರದ ದೇವಲೋಕದ ಪಾರಿಜಾತದ ಹೂ ತಂದು ಕೃಷ್ಣನಿಗೆ ಕೊಡುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಮುಡಿಸುತ್ತಾನೆ, ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಕಥೆ ಇಷ್ಟೇ. ಅಪರಾಳ ತಮ್ಮಣ್ಣನ ಕೃತಿಯನ್ನು ಆಟಕ್ಕೆ ಒಗ್ಗಿಸಿ, ಹಾಡು ಕೂಡಿಸಿ, ಜನರ ನಡುವೆ ತಂದು ನಿಲ್ಲಿಸಿದವನು ಕುಲಗೋಡ ತಮ್ಮಣ್ಣ. ಅದನ್ನು ಉತ್ತರ ಕರ್ನಾಟಕದ ಮನೆಮಾತಾಗಿಸಿದ ಕಲಾವಿದೆ ಕೌಜಲಗಿ ನಿಂಗಮ್ಮ. ಕುಲಗೋಡ, ಕೌಜಲಗಿ ಎರಡೂ ಹಿಂದಿನ ಅವಿಭಜಿತ ಗೋಕಾಕ ತಾಲ್ಲೂಕಿನ ಊರುಗಳು. ಮೂಡಲಗಿ ಬೇರೆ ತಾಲ್ಲೂಕಾದದ್ದು ಈಚೆಗೆ. ಇದೇ ಕಥೆಯನ್ನು ತೆಲುಗು ನಾಡಿನವರು ಭಾಮಾಕಲಾಪವೆಂದು ಕೂಚಿಪುಡಿಯಲ್ಲಿ ಕುಣಿಯುತ್ತಾರೆ. ಅದನ್ನು ಶಾಸ್ತ್ರೀಯವೆಂದು ಜಗತ್ತು ಮೆಚ್ಚಿಕೊಂಡಿತು, ಪಾರಿಜಾತ ಸಣ್ಣಾಟವೆಂಬ ಹೆಸರಿನಲ್ಲಿ ಊರಿನ ಕಟ್ಟೆಯ ಮೇಲೆ ಉಳಿಯಿತು. ಈ ಅಸಮಾನತೆಯ ಚರ್ಚೆ ಇಲ್ಲಿ ಬೇಡ, ಅದಕ್ಕೇ ಇನ್ನೊಂದು ಟಿಪ್ಪಣಿ ಬೇಕಾದೀತು.

ನನ್ನ ಆಸಕ್ತಿ ಆಟದ ಒಂದು ಸಣ್ಣ ತುಣುಕಿನಲ್ಲಿದೆ. ಪಾತ್ರಧಾರಿ ಹಾಡಿನ ಒಂದು ಸೊಲ್ಲು ಹಾಡಿ ನಿಲ್ಲಿಸುತ್ತಾನೆ. ಆ ಕೊನೆಯ ಸಾಲನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಹಾರ್ಮೋನಿಯಂ, ತಬಲಾ, ತಾಳ ಒಟ್ಟಿಗೆ ಏರುತ್ತವೆ, ಸಾಲು ಎರಡು ಮೂರು ಸಲ ಮರಳುತ್ತದೆ. ಅಷ್ಟು ಹೊತ್ತು ಪಾತ್ರಧಾರಿ ಗೆಜ್ಜೆಯ ಹೆಜ್ಜೆ ಹಾಕುತ್ತಾ ರಂಗದ ಮೇಲೆ ಸುತ್ತು ಬರುತ್ತಾನೆ. ಹೆಜ್ಜೆ ಭಾರವಾದದ್ದೇನಲ್ಲ, ಇನ್ನೊಂದು ಬಗೆಯ ಬಯಲಾಟವಾದ ದೊಡ್ಡಾಟದ ಹಾಗೆ ನೆಲ ಗುದ್ದುವುದಿಲ್ಲ. ಮುಮ್ಮುಖ, ಹಿಮ್ಮುಖ, ಒಂದು ತಿರುವು, ಮತ್ತೆ ತಾಳಕ್ಕೆ ಸರಿಯಾಗಿ ಕಾಲು. ಮುಕ್ತಾಯದ ಪೆಟ್ಟು ಬಿದ್ದ ಕೂಡಲೇ ವಾದ್ಯ ನಿಲ್ಲುತ್ತದೆ, ಮಾತು ಶುರುವಾಗುತ್ತದೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಕಥೆ ನಡೆಸುವ ಭಾಗವತ ಕೇಳಿದ್ದಕ್ಕೆ ಸತ್ಯಭಾಮೆಯ ದೂತಿ ತಿರುಗಿ ಹೇಳಬೇಕು, ದೂತಿ ಹೇಳಿದ್ದಕ್ಕೆ ಭಾಮೆ ಸಿಡಿಯಬೇಕು, ಸಿಡಿದದ್ದನ್ನು ಭಾಗವತ ವೇದಾಂತಕ್ಕೋ ನಗೆಗೋ ತಿರುಗಿಸಬೇಕು. ಆವತ್ತಿನ ಊರು, ಆವತ್ತಿನ ಮಳೆ, ಎದುರಿಗೆ ಕೂತ ಜನ, ಎಲ್ಲವೂ ಮಾತಿನೊಳಗೆ ಬರಬಹುದು. ದ್ವಾರಕೆಯ ಸತ್ಯಭಾಮೆಯ ಸಿಟ್ಟು ಇಳಿಸಲು ಗೋಕಾಕದ ಕರದಂಟು ತರಿಸುವ ಸ್ವಾತಂತ್ರ್ಯ ದೂತಿಗಿದೆ.

ಅಂದರೆ ಆಟದಲ್ಲಿ ಎರಡು ಪದರಗಳಿವೆ. ಹಾಡು, ತಾಳ, ಹೆಜ್ಜೆ, ಪ್ರವೇಶದ ಕ್ರಮ ಇವು ಕಟ್ಟಿಟ್ಟವು, ತಾಲೀಮಿನಲ್ಲಿ ಮಾಸ್ತರರ ಮುಂದೆ ತಿಂಗಳುಗಟ್ಟಲೆ ಕೂಡಿಸಿದವು. ಮಾತು ಮಾತ್ರ ಬಯಲು. ಕಟ್ಟಿದ ಕಾಲು ಮತ್ತು ಕಟ್ಟದ ನಾಲಗೆ ಒಂದೇ ಮೈಯಲ್ಲಿ ಹೇಗೆ ಸಂಸಾರ ಮಾಡುತ್ತವೆ ಎನ್ನುವುದು ಮೆದುಳಿನ ಪ್ರಶ್ನೆಯೂ ಹೌದು.

ಮೊದಲು ಅಳತೆಯ ಮಾತು. ಸೃಜನಶೀಲತೆಯನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಮನೋವಿಜ್ಞಾನಿ ಜೆ. ಪಿ. ಗಿಲ್‌ಫರ್ಡ್, 1950ರ ತನ್ನ ಅಧ್ಯಕ್ಷ ಭಾಷಣದ ಮೂಲಕ. ಒಂದು ಇಟ್ಟಿಗೆಯನ್ನೋ ಗುಂಡಿಯನ್ನೋ ಹೆಸರಿಸಿ, ಅದರಿಂದ ಏನೇನು ಮಾಡಬಹುದು ಎಂದು ಕೇಳುವ ಪರೀಕ್ಷೆ ಅವನ ಕಡೆಯಿಂದ ಬಂದದ್ದು. ಉತ್ತರಗಳು ಎಷ್ಟು, ಎಷ್ಟು ಬಗೆಯವು, ಎಷ್ಟು ಅಪರೂಪದವು ಎಂದು ಎಣಿಸುತ್ತಾರೆ. ಇದು ಕವಲೊಡೆಯುವ ಚಿಂತನೆಯ ಅಳತೆ. ಮೂರು ಪದ ಕೊಟ್ಟು ಅವನ್ನು ಕೂಡಿಸುವ ಒಂದೇ ಪದ ಹುಡುಕಿಸುವುದು ಇದಕ್ಕೆ ಎದುರಾದ, ಒಂದೆಡೆ ಕೂಡುವ ಚಿಂತನೆಯ ಅಳತೆ. ಪತ್ರಿಕೆಯಲ್ಲಿ 'ಸೃಜನಶೀಲತೆ ಹೆಚ್ಚಿತು' ಎಂದು ಓದಿದಾಗ ಬಹುತೇಕ ಸಲ ಹೆಚ್ಚಿದ್ದು ಇಟ್ಟಿಗೆಯ ಉಪಯೋಗಗಳ ಪಟ್ಟಿ. ಕಾವ್ಯ ಹೆಚ್ಚಿತು ಎಂದು ಅದರ ಅರ್ಥವಲ್ಲ.

ಈ ಅಳತೆಯಲ್ಲಿ ಹೆಚ್ಚು ಗಟ್ಟಿಯಾದ ಫಲ ಕೊಟ್ಟ ಚಲನೆ ಯಾವುದೆಂದರೆ ನಡಿಗೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮರಿಲಿ ಒಪ್ಪೆಝೊ ಮತ್ತು ಡೇನಿಯಲ್ ಶ್ವಾರ್ಟ್ಸ್ 2014ರಲ್ಲಿ ಪ್ರಕಟಿಸಿದ ನಾಲ್ಕು ಪ್ರಯೋಗಗಳಲ್ಲಿ 176 ಮಂದಿ ಭಾಗವಹಿಸಿದ್ದರು. ಕೂತವರಿಗಿಂತ ನಡೆಯುತ್ತಿದ್ದವರಲ್ಲಿ ಹೊಸ ಉತ್ತರಗಳು ಸರಾಸರಿ ಶೇ. 60ರಷ್ಟು ಹೆಚ್ಚು ಬಂದವು. ಬರಿಗೋಡೆಯ ಎದುರು ಟ್ರೆಡ್‌ಮಿಲ್ ಮೇಲೆ ನಡೆದರೂ ಫಲ ಉಳಿಯಿತು, ನಡೆದು ಬಂದು ಕೂತ ಮೇಲೂ ಸ್ವಲ್ಪ ಹೊತ್ತು ಇತ್ತು. ಗಾಳಿಬೆಳಕಿನದೇ ಪ್ರಭಾವವೋ ಎಂದು ನೋಡಲು ಕೆಲವರನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಳ್ಳಿಕೊಂಡು ಹೋಗಿಯೂ ಹೋಲಿಸಿದರು. ಪ್ರಯೋಗದ ಈ ಜಾಣತನ ನನಗೆ ಇಷ್ಟ. ಆದರೆ ಅದೇ ಲೇಖನದ ಇನ್ನೊಂದು ಫಲ ಶಿಬಿರಗಳ ಭಾಷಣಗಳಲ್ಲಿ ಬರುವುದೇ ಇಲ್ಲ: ಒಂದೇ ಸರಿಯುತ್ತರ ಹುಡುಕುವ ಪರೀಕ್ಷೆಯಲ್ಲಿ ನಡೆಯುತ್ತಿದ್ದವರು ತುಸು ಹಿಂದೆ ಬಿದ್ದರು. ಗಣಿತದ ಪರೀಕ್ಷೆಯ ಕೋಣೆಯಲ್ಲಿ ಮಕ್ಕಳನ್ನು ಅಡ್ಡಾಡಿಸಲು ಹೊರಟವರು ಇದನ್ನೂ ಓದಿಕೊಳ್ಳಲಿ.

ಇನ್ನು ಗಮನದ ವಿಚಾರ. ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಲೊರೆನ್ಝಾ ಕೊಲ್ಝಾಟೊ ಮತ್ತು ಸಂಗಡಿಗರು 2012ರಲ್ಲಿ ಧ್ಯಾನ ಮಾಡುವ 19 ಮಂದಿಯನ್ನು ಪರೀಕ್ಷಿಸಿದರು. ಬಂದ ಅನುಭವವನ್ನೆಲ್ಲ ತಡೆಯದೆ ನೋಡುತ್ತಾ ಕೂರುವ ಬಗೆಯ ಧ್ಯಾನದ ನಂತರ ಕವಲು ಚಿಂತನೆ ಹೆಚ್ಚಿತು. ಒಂದೇ ಕಡೆ ಮನಸ್ಸು ನೆಡುವ ಧ್ಯಾನದಿಂದ ಆ ಫಲ ಬರಲಿಲ್ಲ. ಸಣ್ಣ ಗುಂಪು, ಕೂತು ಮಾಡಿದ ಧ್ಯಾನ, ಚಲನೆ ಇಲ್ಲ. ಆದರೂ ಗಮನವೆಂದರೆ ಒಂದೇ ವಸ್ತುವಲ್ಲ, ಅದರ ಬಗೆ ಮುಖ್ಯ ಎನ್ನುವ ಎಚ್ಚರಿಕೆ ಇಲ್ಲಿಂದ ಸಿಗುತ್ತದೆ.

ಆ ಎಚ್ಚರಿಕೆಯನ್ನು ಚಲನೆಗೆ ಅನ್ವಯಿಸಿ ನೋಡಲು ಚೆಂಡಾಟದ ಒಂದು ಪ್ರಯೋಗವೇ ನನಗೆ ಹೆಚ್ಚು ಬೆಳಕು ಕೊಟ್ಟಿತು. ಸಿಯಾನ್ ಬೈಲಾಕ್ ಮತ್ತು ಸಂಗಡಿಗರ 2002ರ ಅಧ್ಯಯನ ಅದು. ಫುಟ್‌ಬಾಲ್ ಆಟಗಾರರು ಕಂಬಗಳ ನಡುವೆ ಚೆಂಡು ನಡೆಸಬೇಕು. ಒಂದು ಸಲ, ಸದ್ದು ಕೇಳಿದಾಗ ಪಾದದ ಯಾವ ಬದಿ ಚೆಂಡಿಗೆ ತಾಗಿತ್ತು ಎಂದು ಹೇಳಬೇಕು. ಅಂದರೆ ಗಮನ ಪೂರ್ತಿ ಕಾಲಿನ ಮೇಲೆ. ಇನ್ನೊಂದು ಸಲ, ಕಿವಿಗೆ ಬೀಳುವ ಪದಗಳಲ್ಲಿ ಗೊತ್ತುಪಡಿಸಿದ ಪದ ಬಂತೇ ಎಂದು ಹೇಳಬೇಕು, ಗಮನ ಬೇರೆಡೆ. ಹೊಸಬರು ಕಾಲಿನ ಮೇಲೆ ಗಮನವಿಟ್ಟಾಗ ಚೆನ್ನಾಗಿ ಆಡಿದರು. ಪಳಗಿದವರು ತಮ್ಮ ಬಲವಾದ ಬಲಗಾಲಿನ ಮೇಲೆ ಗಮನವಿಟ್ಟಾಗ ನಿಧಾನವಾದರು, ಗಮನ ಬೇರೆಡೆ ಹೋದಾಗ ಸರಾಗವಾದರು. ಅದೇ ಪಳಗಿದವರು ರೂಢಿಯಿಲ್ಲದ ಎಡಗಾಲಿನಲ್ಲಿ ಆಡುವಾಗ ಹೊಸಬರಂತೆಯೇ ಗಮನದಿಂದ ಲಾಭ ಪಡೆದರು.

ಪಾರಿಜಾತದ ತಾಲೀಮನ್ನು ಈ ಬೆಳಕಿನಲ್ಲಿ ನೋಡಿದರೆ ಮಾಸ್ತರರ ಪದ್ಧತಿಯ ಒಳಗುಟ್ಟು ಕಾಣುತ್ತದೆ. ಹೊಸದಾಗಿ ಬಣ್ಣ ಹಚ್ಚಲು ಬಂದ ಹುಡುಗನಿಗೆ ಮೊದಲು ಹೆಜ್ಜೆ, ಹಾಡು, ಮಾತು ಆಮೇಲೆ. ಹೆಜ್ಜೆ ತಪ್ಪಿದರೆ ತಾಳ ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ಆಗ ಗಮನವೆಲ್ಲ ಕಾಲಿನಲ್ಲೇ ಇರಬೇಕು. ಹೆಜ್ಜೆ ಕೂತ ಮೇಲೆ ಕಾಲಿನ ಹೊಣೆಯನ್ನು ಮೆದುಳಿನ ಹಣೆಯ ಭಾಗ ಬಹುಮಟ್ಟಿಗೆ ಕಿರುಮೆದುಳಿಗೂ ಒಳಗಿನ ಬೇಸಲ್ ಗ್ಯಾಂಗ್ಲಿಯಾಕ್ಕೂ ವಹಿಸಿಕೊಡುತ್ತದೆ. ಚಲನೆಯ ಕಲಿಕೆಯಲ್ಲಿ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಹಾಗೆ ಬಿಡುವಾದ ಗಮನ ಎದುರಿನ ಪಾತ್ರದ ಮುಖಕ್ಕೆ, ಜನರ ನಗುವಿಗೆ, ಮುಂದಿನ ಮಾತಿಗೆ ಹೋಗಬಲ್ಲುದು. ಹಿಮ್ಮೇಳ ಸಾಲನ್ನು ಮರಳಿ ಎತ್ತುವ ಆ ಸುತ್ತಿನ ಹೊತ್ತು ಪ್ರೇಕ್ಷಕನಿಗೆ ಕುಣಿತ, ಪಾತ್ರಧಾರಿಗೆ ಮಾತು ಹುಡುಕುವ ಬಿಡುವು. ಈ ಟಿಪ್ಪಣಿಯ ವಾದ ಇದೇ: ಚಲನೆಯ ಮೇಲಿನ ಗಮನ ಕಲಿಯುವ ಹಂತದ ಬೆಲೆ, ಹೊಸ ಮಾತು ಬರುವುದು ಆ ಗಮನ ಬೇಡವಾದ ಮೇಲೆ.

ವಾದಕ್ಕೆ ಒಂದು ಸಹಜ ಪರೀಕ್ಷೆ ನಮ್ಮಲ್ಲೇ ಇದೆ. ದೊಡ್ಡಾಟದ ಕುಣಿತ ಪಾರಿಜಾತದ್ದಕ್ಕಿಂತ ಎಷ್ಟೋ ಕಠಿಣ. ಭುಜಕೀರ್ತಿ, ಕಿರೀಟ, ಎದೆಹಾರಗಳ ಭಾರ ಹೊತ್ತು ಬೆವರಿಳಿಸಿ ಕುಣಿಯಬೇಕು. ಬರೀ ಚಲನೆಯೇ ಹೊಸ ಮಾತು ಹುಟ್ಟಿಸುವುದಾದರೆ ಆಶುಮಾತಿನಲ್ಲಿ ದೊಡ್ಡಾಟದವರೇ ಮುಂದಿರಬೇಕಿತ್ತು. ಆದರೆ ಅಲ್ಲಿಯ ವಚನಗಳು ಪ್ರಸಂಗ ಬರೆದ ಕವಿಯವು, ವೇಷಧಾರಿ ಬಾಯಿಪಾಠ ಮಾಡಿ ಒಪ್ಪಿಸುವಂಥವು. ಸಾರಥಿ, ಹಾಸ್ಯದ ಪಾತ್ರಗಳಿಗೆ ಮಾತ್ರ ಸಡಿಲ. ಹಾಗಾಗಿ ಬೆವರು ಎಷ್ಟು ಹರಿಯಿತು ಎಂಬುದಕ್ಕಿಂತ, ಕಟ್ಟಿದ ಚಲನೆಯ ನಡುವೆ ಆಟದ ರಚನೆಯೇ ಬಯಲು ಜಾಗ ಬಿಟ್ಟಿದೆಯೇ ಎಂಬುದು ಮುಖ್ಯವೆನಿಸುತ್ತದೆ. ಇದಕ್ಕೆ ಹೊರಗಿನ ಬೆಂಬಲವೂ ಉಂಟು. 2020ರಲ್ಲಿ ಪೀಟರ್ ಫೆಲ್ಸ್‌ಮನ್ ಮತ್ತು ಸಂಗಡಿಗರು ಒಂದು ಗುಂಪಿಗೆ 20 ನಿಮಿಷ ಆಶು ಅಭಿನಯ, ಇನ್ನೊಂದಕ್ಕೆ ಅಷ್ಟೇ ಹೊತ್ತು ಬರೆದುಕೊಟ್ಟ ಮಾತಿನ ಅಭಿನಯ ಮಾಡಿಸಿ ಹೋಲಿಸಿದರು. ಕವಲು ಚಿಂತನೆ ಹೆಚ್ಚಿದ್ದು ಮೊದಲ ಗುಂಪಿನಲ್ಲಿ.

ಆಶುರಚನೆಯ ಹೊತ್ತಿನಲ್ಲಿ ಮೆದುಳಿನೊಳಗೆ ಏನಾಗುತ್ತದೆ? ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್ 2008ರಲ್ಲಿ ಆರು ಜಾಝ್ ಪಿಯಾನೋ ವಾದಕರನ್ನು ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಲೋಹವಿಲ್ಲದ ಪುಟ್ಟ ಕೀಬೋರ್ಡ್ ಕೊಟ್ಟು, ಬಾಯಿಪಾಠವಾದ ರಾಗವನ್ನೂ ಆಗಲೇ ಕಟ್ಟಿದ ರಾಗವನ್ನೂ ನುಡಿಸಲು ಹೇಳಿದರು. ಹೊಸದಾಗಿ ಕಟ್ಟುವಾಗ ಹಣೆಯ ಹಿಂದಿನ ಮೆದುಳಿನ ಪಕ್ಕದ ಭಾಗ ಶಾಂತವಾಯಿತು, ನಡುಭಾಗ ಚುರುಕಾಯಿತು. ಪಕ್ಕದ ಭಾಗ ತನ್ನನ್ನು ತಾನೇ ಕಾಯುವ, ತಪ್ಪು ಹುಡುಕುವ, ಯೋಜಿಸಿ ನಡೆಸುವ ಕೆಲಸಗಳಿಗೆ ಸಂಬಂಧಿಸಿದ್ದು. 2012ರಲ್ಲಿ 12 ಮಂದಿ ರ‍್ಯಾಪ್ ಕಲಾವಿದರ ಮೇಲೆ ಸಿಯುವಾನ್ ಲಿಯು, ಬ್ರಾನ್ ಮತ್ತಿತರರು ಮಾಡಿದ ಅಧ್ಯಯನದಲ್ಲೂ ಇಂಥದೇ ಚಿತ್ರ ಬಂತು. ಇದು ನಮಗೆ ಇನ್ನೂ ಹತ್ತಿರದ್ದು. ತಾಳ ಕಟ್ಟಿದ್ದು, ಮಾತು ಕಟ್ಟದ್ದು. ದೂತಿಯ ಪರಿಸ್ಥಿತಿಯೂ ಅದೇ ತಾನೇ.

ಆದರೆ ಇಲ್ಲೊಂದು ದೊಡ್ಡ ತೊಡಕಿದೆ. ಆ ಯಂತ್ರದಲ್ಲಿ ತಲೆ ಒಂದಿಷ್ಟು ಅಲುಗಿದರೂ ಚಿತ್ರ ಕೆಡುತ್ತದೆ. ಕುಣಿತದ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಕುಣಿಯಲು ಬಿಡದ ಯಂತ್ರಕ್ಕೆ ಕೇಳುತ್ತಿದ್ದೇವೆ! ಹಾಗಾಗಿ ನರ್ತಕರ ಅಧ್ಯಯನಗಳು ಕಲ್ಪನೆಯ ಮೊರೆಹೋಗಿವೆ. ಆಸ್ಟ್ರಿಯಾದ ಗ್ರಾಜ್ ನಗರದ ಆಂಡ್ರಿಯಾಸ್ ಫಿಂಕ್ ಮತ್ತು ಸಂಗಡಿಗರು 2009ರಲ್ಲಿ ವೃತ್ತಿ ನರ್ತಕರಿಗೂ ಹೊಸಬರಿಗೂ ಮನಸ್ಸಿನಲ್ಲೇ ಕುಣಿಯಲು ಹೇಳಿ ಇಇಜಿ ತೆಗೆದರು. ಆಗಲೇ ಹೊಸದಾಗಿ ಕಟ್ಟುವ ನೃತ್ಯವನ್ನು ಕಲ್ಪಿಸಿಕೊಳ್ಳುವಾಗ ವೃತ್ತಿಪರರ ಬಲ ಅರೆಗೋಳದಲ್ಲಿ ಆಲ್ಫಾ ಅಲೆಗಳು ಹೆಚ್ಚಾಗಿ ಕಂಡವು. ಗೊತ್ತಿರುವ ವಾಲ್ಟ್ಸ್ ಹೆಜ್ಜೆ ಕಲ್ಪಿಸಿಕೊಳ್ಳುವಾಗ ಎರಡು ಗುಂಪಿನ ನಡುವೆ ಅಂಥ ಅಂತರವಿರಲಿಲ್ಲ. ಇಲ್ಲಿಯೂ ವ್ಯತ್ಯಾಸ ತಂದದ್ದು ಬಯಲು ಭಾಗವೇ. 'ಹಣೆಯ ಭಾಗ ಆರಿಹೋಗುತ್ತದೆ' ಎಂಬ ಸರಳ ಚಿತ್ರವೂ ಈಗ ತಿದ್ದುಪಡಿ ಕಂಡಿದೆ. ರೋಜರ್ ಬೀಟಿ ಮತ್ತಿತರರು 2018ರಲ್ಲಿ 163 ಮಂದಿಯಲ್ಲಿ ಕಂಡಂತೆ, ಅಲೆದಾಡುವ ಮನಸ್ಸಿನ ಜಾಲ, ಹತೋಟಿಯ ಜಾಲ, ಇವೆರಡರ ನಡುವೆ ಗಮನವನ್ನು ತಿರುಗಿಸುವ ಜಾಲ ಈ ಮೂರರ ನಡುವಿನ ನಂಟು ಬಲವಾಗಿದ್ದವರೇ ಹೆಚ್ಚು ಹೊಸತಾದ ಉತ್ತರ ಕೊಟ್ಟರು. ದೂತಿ ಬಾಯಿಗೆ ಬಂದದ್ದನ್ನೆಲ್ಲ ಆಡುವುದಿಲ್ಲ. ಕಥೆ ಎಲ್ಲಿ ನಿಂತಿದೆ, ಮುಂದಿನ ಹಾಡು ಯಾವುದು, ಎದುರಿಗೆ ಯಾರ ಮನೆಯವರು ಕೂತಿದ್ದಾರೆ ಎಂಬ ಲೆಕ್ಕ ಅವಳಿಗೆ ಇರಲೇಬೇಕು. ಮೈಮರೆತ ದೂತಿ ಆಟ ಕೆಡಿಸುತ್ತಾಳೆ.

ಮೆದುಳು 'ಬೆಳೆಯುತ್ತದೆ' ಎನ್ನುವ ಅಧ್ಯಯನಗಳನ್ನು ಇದೇ ಚೀಲಕ್ಕೆ ತುಂಬಬಾರದು. ಕಿರ್ಕ್ ಎರಿಕ್ಸನ್ ಮತ್ತಿತರರ 2011ರ ಅಧ್ಯಯನದಲ್ಲಿ 120 ಹಿರಿಯರ ಪೈಕಿ ಒಂದು ವರ್ಷ ಬಿರುಸಾಗಿ ನಡೆದವರಲ್ಲಿ, ನೆನಪಿಗೆ ಸಂಬಂಧಿಸಿದ ಮೆದುಳಿನ ಭಾಗವಾದ ಹಿಪ್ಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಹಿಗ್ಗಿತು. ಜರ್ಮನಿಯ ಮಾಗ್ಡೆಬರ್ಗಿನ ಕ್ಯಾಥ್ರಿನ್ ರೆಫೆಲ್ಡ್ ತಂಡ 2017ರಲ್ಲಿ 18 ತಿಂಗಳ ನೃತ್ಯವನ್ನು ಕ್ರೀಡಾ ವ್ಯಾಯಾಮದೊಂದಿಗೆ ಹೋಲಿಸಿದಾಗ ಎರಡೂ ಗುಂಪಿನಲ್ಲಿ ಅಂಥ ಹಿಗ್ಗುವಿಕೆ ಕಂಡಿತು, ಮೈಯ ಸಮತೋಲ ಸುಧಾರಿಸಿದ್ದು ಮಾತ್ರ ನೃತ್ಯದವರಲ್ಲಿ. ನ್ಯೂಯಾರ್ಕಿನಲ್ಲಿ 75 ದಾಟಿದ 469 ಮಂದಿಯನ್ನು ಗಮನಿಸಿ ಜೋ ವರ್ಗೀಸ್ ಮತ್ತಿತರರು 2003ರಲ್ಲಿ ಬರೆದ ಲೇಖನದಂತೆ, ದೈಹಿಕ ಚಟುವಟಿಕೆಗಳ ಪೈಕಿ ಮರೆಗುಳಿ ರೋಗದ ಅಪಾಯ ಕಡಿಮೆ ಇದ್ದದ್ದು ಕುಣಿತದ ಜೊತೆ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2013ರಲ್ಲಿ ಆರು ತಿಂಗಳ ಯೋಗದ ನಂತರ ಹಿರಿಯರ ಹಿಪ್ಪೊಕ್ಯಾಂಪಸ್ ಹಿಗ್ಗಿದ್ದನ್ನು ವರದಿ ಮಾಡಿದರು, ಆದರೆ ಅಲ್ಲಿದ್ದವರು ಏಳೇ ಜನ. ಇವೆಲ್ಲ ಮುಪ್ಪು, ನೆನಪುಗಳ ಕುರಿತವು. ಹಿಪ್ಪೊಕ್ಯಾಂಪಸ್ ಹಿಗ್ಗಿದ ಮಾತ್ರಕ್ಕೆ ಅಜ್ಜ ಲಾವಣಿ ಕಟ್ಟುತ್ತಾನೆಂದು ಯಾರೂ ತೋರಿಸಿಲ್ಲ.

ಪ್ರಯೋಗಾಲಯ ಬಿಟ್ಟು ಈ ಸೀಮೆಗೆ ಮರಳಿದರೆ, ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯನ್ನು ಬಿಡುವ ಹಾಗಿಲ್ಲ. ಚಂದ್ರಶೇಖರ ಕಂಬಾರರು 1937ರ ಜನವರಿ 2ರಂದು ಹುಟ್ಟಿದ ಊರು ಅದು. ಕಂಬಾರಿಕೆಯ ಮನೆ, ಸುತ್ತ ಬಯಲಾಟ, ಲಾವಣಿ. ಮುಂದೆ ಅವರು ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಉತ್ತರ ಕರ್ನಾಟಕದ ಜನಪದ ರಂಗಭೂಮಿ. 'ಜೋಕುಮಾರಸ್ವಾಮಿ' ನಾಟಕದ ಮೇಳ, ಹಾಡು, ಮಾತಿನ ಲಯ ಎಲ್ಲಿಂದ ಬಂದವೆಂದು ಈ ಸೀಮೆಯವರಿಗೆ ವಿವರಿಸಬೇಕಿಲ್ಲ. 2010ರ ಸಾಲಿನ ಜ್ಞಾನಪೀಠ ಬಂದಾಗ ಆ ಮೇಳಕ್ಕೂ ಒಂದು ಪಾಲು ಸಂದಿತೆಂದು ಹೇಳಿದರೆ ತಪ್ಪಾಗಲಾರದು. ಆದರೂ ಸಂಶೋಧಕ ಇಲ್ಲಿ ನಿಲ್ಲಬೇಕು. ಒಬ್ಬ ಕವಿಯ ಜೀವನ ಪುರಾವೆ ಆಗುವುದಿಲ್ಲ. ಅದೇ ಆಟಗಳನ್ನು ರಾತ್ರಿಯಿಡೀ ನೋಡಿದ ಸಾವಿರಾರು ಮಂದಿ ಕವಿಗಳಾಗಲಿಲ್ಲ. ಕಂಬಾರರಿಗೆ ದಕ್ಕಿದ್ದು ಕುಣಿತದ ಲಯವೋ, ಕೇಳಿ ಕೇಳಿ ಕಿವಿಗೆ ಇಳಿದ ಭಾಷೆಯೋ, ಎರಡರ ಕೂಡುವಿಕೆಯೋ ಎಂಬುದನ್ನು ಜೀವನಚರಿತ್ರೆಯಿಂದ ಬೇರ್ಪಡಿಸಲು ಬರುವುದಿಲ್ಲ. ಬರೀ ನೋಡುವಾಗಲೂ ಬಲ್ಲವರ ಮೈ ಸ್ಪಂದಿಸುತ್ತದೆ ಎನ್ನಲು ಮಾತ್ರ ಒಂದು ಆಸರೆ ಇದೆ. 2005ರ ಬೀಟ್ರಿಸ್ ಕಾಲ್ವೊ ಮೆರಿನೊ ಅವರ ಅಧ್ಯಯನದಲ್ಲಿ ಬ್ಯಾಲೆ ನರ್ತಕರ ಮೆದುಳಿನ ಚಲನಾ ಭಾಗಗಳು ಬ್ಯಾಲೆ ನೋಡುವಾಗ ಹೆಚ್ಚು ಸ್ಪಂದಿಸಿದವು, ಬ್ರೆಜಿಲಿನ ಕುಣಿತದಂಥ ಕಾಳಗ ಕಲೆಯಾದ ಕಪೊಯೇರಾ ಆಡುವವರವು ಕಪೊಯೇರಾ ನೋಡುವಾಗ. ಹೆಜ್ಜೆ ಬಲ್ಲವನು ಆಟ ನೋಡುವ ರೀತಿಯೇ ಬೇರೆ.

ಹಾಗಾದರೆ ಮುಂದೆ ಮಾಡಬೇಕಾದದ್ದೇನು? ಪಾರಿಜಾತದ ಮೇಳವನ್ನು ಸ್ಕ್ಯಾನಿಂಗ್ ಕೇಂದ್ರಕ್ಕೆ ಕರೆದೊಯ್ಯುವುದು ಮೊದಲ ಕೆಲಸವಲ್ಲ. ಅದಕ್ಕಿಂತ ಅಗ್ಗದ, ಹೆಚ್ಚು ಉಪಯೋಗದ ಪ್ರಯೋಗವನ್ನು ಒಂದು ಪದವಿ ಕಾಲೇಜೇ ನಡೆಸಬಹುದು. ಒಬ್ಬರೇ ದೂತಿ ಪಾತ್ರಧಾರಿ, ಒಂದೇ ಸನ್ನಿವೇಶ. ಒಂದು ರಾತ್ರಿ ಎಂದಿನಂತೆ ಸುತ್ತು ಹಾಕಿ ಕುಣಿದು ಮಾತಾಡಲಿ. ಇನ್ನೊಂದು ರಾತ್ರಿ ಅದೇ ಹಾಡು, ಅದೇ ಹಿಮ್ಮೇಳ, ಆದರೆ ಸುತ್ತಿನ ಹೊತ್ತಿನಲ್ಲಿ ಕೂತೇ ಇರಲಿ. ಮೂರನೆಯ ರಾತ್ರಿ ರೂಢಿಯಿಲ್ಲದ ಹೊಸ ಹೆಜ್ಜೆ ಹಾಕಲಿ. ಯಾವ ಬಗೆ ಯಾವ ರಾತ್ರಿ ಎಂಬುದನ್ನು ಮೇಳದಿಂದ ಮೇಳಕ್ಕೆ ಅದಲುಬದಲು ಮಾಡಬೇಕು. ಮಾತನ್ನೆಲ್ಲ ಧ್ವನಿಮುದ್ರಿಸಿ ಬರೆದಿಳಿಸಿ, ಯಾವ ರಾತ್ರಿಯದೆಂದು ಹೇಳದೆ, ಆಟ ಬಲ್ಲ ಹಿರಿಯರಿಗೆ ಕೊಟ್ಟು ಹೊಸತನಕ್ಕೆ ಅಂಕ ಹಾಕಿಸಬೇಕು. ಬಲ್ಲವರು ಬೇರೆ ಬೇರೆಯಾಗಿ ಕೂತು ಕೊಟ್ಟ ಅಂಕಗಳನ್ನು ಕೂಡಿಸಿ ತೂಗುವ ಈ ವಿಧಾನವನ್ನು ತೆರೇಸಾ ಅಮಾಬಿಲೆ 1982ರಷ್ಟು ಹಿಂದೆಯೇ ರೂಪಿಸಿದ್ದಾರೆ. ನನ್ನ ಊಹೆ ಸರಿಯಿದ್ದರೆ ಮೊದಲ ರಾತ್ರಿಯ ಮಾತು ಮೇಲು, ಮೂರನೆಯ ರಾತ್ರಿಯದು ಎಲ್ಲಕ್ಕಿಂತ ಕೆಳಗೆ; ಏಕೆಂದರೆ ಆಗ ಗಮನ ಮತ್ತೆ ಕಾಲಿಗೆ ಇಳಿದಿರುತ್ತದೆ. ಮೂರನೆಯ ರಾತ್ರಿಯ ಮಾತೇ ಮೇಲಾಗಿ ಬಂದರೆ ಈ ಟಿಪ್ಪಣಿಯ ವಾದ ಬಿದ್ದುಹೋಗುತ್ತದೆ, ಗಮನದ ಪಕ್ಷದವರು ಗೆಲ್ಲುತ್ತಾರೆ. ಮೂರೂ ರಾತ್ರಿಯ ಸಂಭಾವನೆ ಕಲಾವಿದರಿಗೆ ಪೂರ್ತಿ ಸಲ್ಲಬೇಕು, ಕೂತು ಆಡಿದ ರಾತ್ರಿಯದ್ದೂ ಸೇರಿ.

ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ, ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ, ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳ ಕನ್ನಡ ವಿಭಾಗದವರೂ ಮನೋವಿಜ್ಞಾನ ಓದಿಸುವವರೂ ಕೈಜೋಡಿಸಿದರೆ ಒಂದು ಸುಗ್ಗಿಯೊಳಗೆ ಇದು ಮುಗಿಯುವ ಕೆಲಸ. ಮೇಳದ ಹಿರಿಯ ಮಾಸ್ತರರು ತಾಲೀಮು ನಡೆಸಲು ಶಕ್ತರಾಗಿರುವಾಗಲೇ ಶುರುಮಾಡಿ. ಕನಿಷ್ಠಪಕ್ಷ ಈ ವರ್ಷದ ಜಾತ್ರೆಯ ಆಟಗಳಲ್ಲಿ ಹಾಡಿನ ಜೊತೆಗೆ ದೂತಿ–ಭಾಗವತರ ಮಾತನ್ನೂ, ಕಾಲಿನ ಹೆಜ್ಜೆ ಕಾಣುವಂತೆ, ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸಿ ಇಡಿ.